ಸಹಾಯಾರ್ಥ ಸಂಗೀತ

1941ರಲ್ಲಿ ಮುಂಬಯಿಯ ಪರೇಲಿನಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯ ಪರಂಪರೆಗೇ ಸೇರಿದ ಖಾರಘರದ ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ದ್ರವ್ಯಸಹಾಯ ಮಾಡತಕ್ಕದ್ದೆಂಬ ಘನೋದ್ದೇಶದಿಂದ, ಮಹಾಪೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ, ಅವಲಕ್ಕಿಯ ತಟ್ಟೆಗಳ ನಡುವೆ, ನಮ್ಮ ಸಂಗೀತೋತ್ಸವ ಸಮಿತಿಯು ಸಮಾವೇಶಗೊಂಡಿತು.

"ವಾಶಿಯ ಭಾವೆ ನಾಟ್ಯಗೃಹದ ಬಾಡಿಗೆ, ಶಾಲು, ಹಾರ, ಸ್ಮರಣಿಕೆ, ಭೋಜನ ಇವೆಲ್ಲ ಕಳೆದು ಸಂಶೋಧನೆಗೆ ಉಳಿಯುವುದೆಷ್ಟು, ಖಜಾಂಚಿಗಳೇ?"

"ನಾವೇ ಕೈಯಿಂದ ಹಾಕಬೇಕಾದೀತು, ರಾಯರೇ."

"ಹಾಗಾದರೆ ಶಾಲುಗಳನ್ನು ಕಡಿಮೆ ಮಾಡಿ."

"ಸನ್ಮಾನಿತರ ಪಟ್ಟಿಯಲ್ಲಿ ಮೊದಲ ಹೆಸರು ತಮ್ಮದೇ."

"ಛೆ, ಸಂಪ್ರದಾಯಭಂಗ ಸಲ್ಲದು! ಗಾಯಕರನ್ನೇ ಬಿಟ್ಟುಬಿಡೋಣ, ತಂಬೂರಿ ಇದ್ದರೆ ಸಾಕು."

"ಮತ್ತೆ ಶ್ರೋತೃಗಳು?"

"ಎಲ್ಲರಿಗೂ ವೇದಿಕೆಯ ಮೇಲೆಯೇ ಕುರ್ಚಿ ಹಾಕಿಸಿದೆಯಲ್ಲ!"

ದಾನಬುದ್ಧಿಯುಳ್ಳ ವಾಚಕಮಹಾಶಯರು ನಮ್ಮ ಟಿಕೀಟನ್ನು ಕೊಳ್ಳದೆ, ಹಣವನ್ನು ನೇರವಾಗಿ ಆ ಕೇಂದ್ರಕ್ಕೇ ಸಲ್ಲಿಸಬೇಕಾಗಿ ಪ್ರಾರ್ಥನೆ.