ಲಿಫ್ಟಿನಲ್ಲಿ ಪಾಸಾದ ಠರಾವು

ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ಸಭೆಗೆ ತಡವಾಗಿ ಹೋದದ್ದರಿಂದ. ಬೇಗ ಬಂದವರೆಲ್ಲ ಅಷ್ಟರಲ್ಲಿ ಒಲ್ಲೆ ಅಂದಾಗಿತ್ತು. ಆದರೂ ಕುರ್ಚಿ ಕುರ್ಚಿಯೇ. ಹೆಸರು ಉಳಿಯುವಂಥದ್ದೇನಾದರೂ ಮಾಡೋಣವೆಂದು ಗೇಟಿನೆದುರು ಬಣ್ಣದ ದೀಪದ ಕಾರಂಜಿ ನಿಲ್ಲಿಸಲು ಹೊರಟೆ.

ಜನಾಭಿಪ್ರಾಯವನ್ನು ಲಿಫ್ಟಿನಲ್ಲೇ ಸಂಗ್ರಹಿಸಿದೆ. ಎಲ್ಲರೂ “ಚೆನ್ನಾಗಿರುತ್ತೆ, ಮಾಡ್ಸಿ ಸಾರ್” ಅಂದರು. ಲಿಫ್ಟಿನಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಅಂದರೆ ಕಾರಣ ಹೇಳಬೇಕು, ಅಷ್ಟರಲ್ಲಿ ಅವರ ಮಹಡಿ ಬಂದಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಚಿತ್ರ ಹಾಕಿದೆ, ಹೆಬ್ಬೆಟ್ಟುಗಳು ಸಾಲುಗಟ್ಟಿದವು. ನಮ್ಮ ಗುಂಪಿನಲ್ಲಿ ಸಾವಿನ ಸುದ್ದಿಗೂ ಹೆಬ್ಬೆಟ್ಟು ಒತ್ತುವವರಿದ್ದಾರೆ.

ಖಜಾಂಚಿ ರಾಯರು ಸರ್ಕಾರಿ ಲೆಕ್ಕಪತ್ರದಲ್ಲಿ ನಿವೃತ್ತರಾದವರು. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಎರಡೂ ಇಲ್ಲದೆ ಮನೆಗೆ ತೆಂಗಿನಕಾಯಿಯನ್ನೂ ತರುವವರಲ್ಲ. ಕನ್ನಡಕ ಹಣೆಗೇರಿಸಿ ಕೇಳಿದರು:

“ಜನರಲ್ ಬಾಡಿ ಮುಂದೆ ಇಟ್ರಾ?”

“ಎಲ್ಲರನ್ನೂ ಕೇಳಿದೀನಿ ಸಾರ್.”

“ಎಲ್ಲಿ?”

“ಲಿಫ್ಟಲ್ಲಿ.”

“ನಡಾವಳಿ ಪುಸ್ತಕ?”

“ಲಿಫ್ಟಲ್ಲಿ ಬರೆಯೋಕೆ ಜಾಗ ಇಲ್ವಲ್ಲ.”

ರಾಯರು ಮಾತಾಡಲಿಲ್ಲ. ವೋಚರಿನ ಮೇಲೆ ‘ಕಾರ್ಯದರ್ಶಿಗಳ ಮೌಖಿಕ ಸೂಚನೆಯ ಮೇರೆಗೆ’ ಎಂದು ದುಂಡಗೆ ಬರೆದು, ಕೆಳಗೆ ನನ್ನ ಸಹಿ ಹಾಕಿಸಿ, ಅದನ್ನೊಂದು ಜೆರಾಕ್ಸ್ ಮಾಡಿಸಿಟ್ಟುಕೊಂಡು, ಆಮೇಲೆ ಅಡ್ವಾನ್ಸ್ ಚೆಕ್ಕು ಹರಿದುಕೊಟ್ಟರು. ಎಷ್ಟು ಗೌರವ ಎಂದು ನಾನು ಬೀಗಿದೆ.

2024ರ ಬೇಸಿಗೆ ಬಂತು. ನಮ್ಮ ಬೋರ್‌ವೆಲ್ ಬರೀ ಗಾಳಿ ಉಗುಳತೊಡಗಿತು. ಟ್ಯಾಂಕರಿನವನು ಮಂತ್ರಿಗಿಂತ ದೊಡ್ಡವನಾದ. ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರಲ್ಲಿ ವಾಹನ ತೊಳೆದರೆ, ಕೈತೋಟಕ್ಕೆ ಬಿಟ್ಟರೆ, ಕಾರಂಜಿ ಚಿಮ್ಮಿಸಿದರೆ 5,000 ರೂಪಾಯಿ ದಂಡ. ಆ ಪಟ್ಟಿಗೆ ಕಾರಂಜಿ ಸೇರಿಸಿದವರಿಗೆ ನನ್ನ ಪರಿಚಯ ಇದ್ದಿರಲೇಬೇಕು.

ಕಂಟ್ರಾಕ್ಟರಿಗೆ ಫೋನ್ ಮಾಡಿದೆ. “ಅಡ್ವಾನ್ಸ್ ವಾಪಸ್ ಆಗಲ್ಲ ಸಾರ್. ಬೇಕಾದ್ರೆ ಅದೇ ದುಡ್ಡಿಗೆ ಇನ್ನೂ ನಾಲ್ಕು ನಳಿಕೆ ಜಾಸ್ತಿ ಹಾಕ್ಕೊಡ್ತೀನಿ” ಎಂದು ಉದಾರವಾಗಿ ನುಡಿದ.

ಕೊನೆಗೂ ಜನರಲ್ ಬಾಡಿ ಸೇರಿತು. ಕೋರಂ ಎಂದೂ ಆಗದ ಸಭೆಗೆ ಅಂದು ನಿಲ್ಲಲೂ ಜಾಗವಿರಲಿಲ್ಲ. ರಾಯರು ಜೆರಾಕ್ಸ್ ಓದಿದರು, ಮೌಖಿಕ ಎಂಬಲ್ಲಿ ಸ್ವಲ್ಪ ನಿಲ್ಲಿಸಿ. ಲಿಫ್ಟಿನಲ್ಲಿ ಚೆನ್ನಾಗಿರುತ್ತೆ ಅಂದವರೆಲ್ಲ ಫ್ಯಾನು ನೋಡುತ್ತಿದ್ದರು. ಆಮೇಲೆ, ಸಂಘದ ದುಡ್ಡಲ್ಲಿ ಮೊದಲು ಏನಾಗಬೇಕೆಂದು ಮನೆಗೊಂದು ಚೀಟಿ ಬರೆಸಿದರು. ಬೋರ್‌ವೆಲ್, ಟ್ಯಾಂಕರ್, ಸಂಪ್ ಸೋರಿಕೆ, ಮತ್ತೆ ಬೋರ್‌ವೆಲ್. ಕಾರಂಜಿಗೆ ಒಂದು ಚೀಟಿಯೂ ಬಿದ್ದಿರಲಿಲ್ಲ.

ನಮ್ಮ ಮನೆಯ ಚೀಟಿ ಬರೆದವಳು ನನ್ನ ಹೆಂಡತಿ.