ಪವರ್ ಇರೋದು ಕೊಡ್ರಿ

ಕಲಘಟಗಿಯ ಬಣ್ಣದ ತೊಟ್ಟಿಲಿಗೆ ನಾಡೆಲ್ಲ ಹೆಸರು. ಅದರಲ್ಲಿ ಮಲಗುವ ಕೂಸಿನ ಕರುಳಲ್ಲಿ ತಯಾರಾಗುತ್ತಿರುವ ಮಾಲಿಗೆ ಮಾತ್ರ ಅಷ್ಟು ಪ್ರಚಾರ ಸಿಕ್ಕಿಲ್ಲ.

ನಾಲ್ಕು ಸಲ ಜುಲಾಬಾದರೆ ಸಾಕು, ಅಪ್ಪ ಔಷಧ ಅಂಗಡಿಯ ಮುಂದೆ ಹಾಜರು. "ಕೂಸಿನ ಹೊಟ್ಟಿ ಜಾಡಸಾಕತ್ತೈತ್ರಿ. ಪವರ್ ಇರೋದು ಕೊಡ್ರಿ." ಕೊಡುವವನೂ ಜಿಪುಣನಲ್ಲ, ಆ್ಯಂಟಿಬಯೋಟಿಕ್ಕನ್ನೇ ಕೊಡುತ್ತಾನೆ.

ಮನೆಯಲ್ಲಿ ಆಶಾ ಕಾರ್ಯಕರ್ತೆ ಕೊಟ್ಟ ಓಆರ್‌ಎಸ್ ಪೊಟ್ಟಣ, 14 ದಿನದ ಸತುವಿನ ಗುಳಿಗೆ ಇರುತ್ತವೆ. ಆದರೆ ಪುಕ್ಕಟೆ ಸಿಕ್ಕ ಉಪ್ಪು-ಸಕ್ಕರೆ ನೀರಿಗೆ ಔಷಧದ ಗತ್ತೆಲ್ಲಿ? 1971ರಲ್ಲಿ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇಂಥದೇ ನೀರು ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದರು. ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಹೋದ ಮೇಲೆ. ದಿಲ್ಲಿಗೇ ಐವತ್ತು ವರ್ಷ ಹಿಡಿದ ಲೆಕ್ಕ ಕಲಘಟಗಿಯ ಅಪ್ಪನಿಗೆ ಒಂದೇ ರಾತ್ರಿಯಲ್ಲಿ ಹೊಳೆಯಬೇಕೇ?

ಕೂಸುಗಳ ನೀರುಜುಲಾಬಿಗೆ ಹೆಚ್ಚಿನ ಸಲ ಆ್ಯಂಟಿಬಯೋಟಿಕ್ ಬೇಕಿಲ್ಲ. ಜುಲಾಬು ತರುವ ರೋಟಾ ವೈರಸ್ಸಿಗಂತೂ ಅದು ನಾಟುವುದೇ ಇಲ್ಲ. ಜುಲಾಬು ತನ್ನ ಪಾಡಿಗೆ ನಿಲ್ಲುತ್ತದೆ, ಕೀರ್ತಿ ಆ್ಯಂಟಿಬಯೋಟಿಕ್ಕಿಗೆ ಹೋಗುತ್ತದೆ. ಅಷ್ಟರಲ್ಲಿ ಕರುಳಿನ ಸಾಧು ಬ್ಯಾಕ್ಟೀರಿಯಾಗಳು ಸತ್ತು, ಉಳಿದ ಗಟ್ಟಿ ಇ. ಕೊಲಿಗಳು ಪರೀಕ್ಷಾ ಕೋಣೆಯಲ್ಲಿ ಚೀಟಿ ದಾಟಿಸುವ ಹಾಗೆ ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕನ್ನು ಪಕ್ಕದವಕ್ಕೆ ದಾಟಿಸುತ್ತವೆ. ಔಷಧಕ್ಕೆ ಬಗ್ಗದಿರುವ ಉಪಾಯವೆಲ್ಲ ಅದರಲ್ಲೇ ಬರೆದಿರುತ್ತದೆ. ಕೂಸು ಎರಡನೇ ದಿನವೇ ಔಷಧ ಉಗುಳಿ ಬಿಟ್ಟಿತು. ಕೋರ್ಸ್ ಮುಗಿಸಿದ್ದು ಬ್ಯಾಕ್ಟೀರಿಯಾ. ಮುಂದೊಂದು ದಿನ ಅದೇ ಕೂಸಿಗೆ ರಕ್ತದ ಸೋಂಕಾಗಿ ಹುಬ್ಬಳ್ಳಿಗೆ ಒಯ್ದರೆ, ಪ್ರಯೋಗಾಲಯದ ವರದಿಯಲ್ಲಿ ಔಷಧಗಳ ಹೆಸರಿನ ಮುಂದೆ ಸಾಲಾಗಿ 'ಆರ್' ಬಿದ್ದಿರುತ್ತದೆ. ರೆಸಿಸ್ಟೆಂಟ್. ಅದೇ ಅದರ ಮಾರ್ಕ್ಸ್ ಕಾರ್ಡು.

ಕಾನೂನಿಲ್ಲವೇ? ಉಂಟು. 2014ರ ಮಾರ್ಚ್‌ನಿಂದ ಔಷಧಗಳ ಎಚ್1 ಪಟ್ಟಿ ಜಾರಿಯಲ್ಲಿದೆ. ಸೆಫಿಕ್ಸಿಮ್‌ನಂಥ ಆ್ಯಂಟಿಬಯೋಟಿಕ್ ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು ಪುಸ್ತಕದಲ್ಲಿ ಬರೆದು 3 ವರ್ಷ ಕಾದಿಡಬೇಕು. ಕಾದಿಡುವುದು ಕಷ್ಟವೇನಲ್ಲ, ಬರೆಯುವುದೇ ಬೇಸರ.

ಸಿಟ್ಟು ನಮಗೂ ಬರುತ್ತದೆ, ಹೆಸರು ಕೆಟ್ಟಾಗ. ಬಲಾಢ್ಯ ಔಷಧಗಳನ್ನೇ ಮುರಿದುಹಾಕುವ ಕಿಣ್ವವೊಂದಕ್ಕೆ ವಿಜ್ಞಾನಿಗಳು ನವದೆಹಲಿಯ ಹೆಸರು ಸೇರಿಸಿ ಎನ್‌ಡಿಎಂ-1 ಎಂದು ಕರೆದದ್ದಕ್ಕೆ 2010ರಲ್ಲಿ ದೇಶದ ಮಾನ ಹೋಯಿತೆಂದು ಕೂಗಾಡಿದೆವು. ಮರುವರ್ಷ ಅದರ ಜೀನು ದೆಹಲಿಯ ನಲ್ಲಿ ನೀರಿನಲ್ಲೇ ಸಿಕ್ಕಿತೆಂದು ವರದಿಯಾಯಿತು. ನಲ್ಲಿಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲು ಬರುವುದಿಲ್ಲ.

ಈ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾಕ್ಕೆ ವೈದ್ಯರ ಕೈಯಲ್ಲಿ ಕೊನೆಗೆ ಉಳಿಯುವ ಮದ್ದುಗಳಲ್ಲಿ ಒಂದು ಕೊಲಿಸ್ಟಿನ್. ಬೇಗ ದಪ್ಪವಾಗಲಿ ಎಂದು ಅದನ್ನು ಕೋಳಿ ಮೇವಿಗೆ ಬೆರೆಸುತ್ತಿದ್ದ ದೇಶ ನಮ್ಮದು; ನಿಷೇಧ ಬಂದದ್ದು 2019ರ ಜುಲೈನಲ್ಲಿ. ಆ ಕೋಳಿಗಳಿಗೆ ಜುಲಾಬೂ ಆಗಿರಲಿಲ್ಲ.