ಗ್ಯಾಸ್ಟ್ರಿಕ್ ಮಹಾಶಯರು

ಕೊಡಗಿನ ತಿತಿಮತಿಯ ಯಾವ ಕ್ಯಾಂಟೀನಿನಲ್ಲಿ ಕೂತರೂ ಒಬ್ಬ ಗ್ಯಾಸ್ಟ್ರಿಕ್ ಮಹಾಶಯರು ಸಿಕ್ಕೇ ಸಿಗುತ್ತಾರೆ. ವಯಸ್ಸು ಐವತ್ತರ ಆಚೆ, ನಾಲ್ಕೈದು ಎಕರೆ ರೊಬಸ್ಟಾ, ನೆರಳು ಮರಗಳಿಗೆ ಹಬ್ಬಿಸಿದ ಕರಿಮೆಣಸು, ಶರ್ಟಿನ ಜೇಬಿನಲ್ಲಿ ಒಂದು ಸ್ಟ್ರಿಪ್ ಮಾತ್ರೆ. ಎದೆ ಉರಿದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೆ ಗ್ಯಾಸ್ಟ್ರಿಕ್, ಎಡಭುಜ ಸೆಳೆದರೂ ಗ್ಯಾಸ್ಟ್ರಿಕ್. ಅಪರಾಧಿ ಯಾರೆಂಬುದೂ ಮೊದಲೇ ಗೊತ್ತಾಗಿರುತ್ತದೆ: ಮದುವೆಮನೆಯ ಪಂದಿಕರಿಗೆ ಕಾಚಂಪುಳಿಯ ಹುಳಿ ಜಾಸ್ತಿಯಾಗಿತ್ತು. ನಾಗರಹೊಳೆ ಕಾಡಿನಿಂದ ಸಲಗ ತೋಟಕ್ಕಿಳಿದಿದೆ ಎಂದರೆ ಟಾರ್ಚು ಹಿಡಿದು ಹೊರಡುವ ಈ ಧೀರರು, ಡಾಕ್ಟರು “ಒಂದು ಎಂಡೋಸ್ಕೋಪಿ ಮಾಡಿಸಿಬಿಡಿ” ಎಂದ ಕೂಡಲೇ ಕೊಯ್ಲಿನ ನೆಪ ಹೇಳಿ ಎದ್ದುಬಿಡುತ್ತಾರೆ. ಕೊಯ್ಲು ಮುಗಿದರೆ ಹೂವಿಗೆ ಸ್ಪ್ರಿಂಕ್ಲರ್ ಹಾಕಬೇಕು. ಆಮೇಲೆ ಮುಂಗಾರು, ಆಮೇಲೆ ಕೈಲ್‌ಪೊಳ್ದ್ ಹಬ್ಬ, ಆಮೇಲೆ ಪುತ್ತರಿ. ಅಷ್ಟರಲ್ಲಿ ಮತ್ತೆ ಕಾಯಿ ಹಣ್ಣಾಗಿರುತ್ತದೆ. ಹೊಟ್ಟೆಯೊಳಗೆ ಇಣುಕಿ ನೋಡಲು ಬಿಡುವಿರುವ ತಿಂಗಳೊಂದನ್ನು ಕೊಡಗಿನ ಪಂಚಾಂಗ ಇನ್ನೂ ಕಂಡುಹಿಡಿದಿಲ್ಲ.

ಇವರನ್ನು ಪುಕ್ಕಲರೆಂದು ನಕ್ಕುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅವರದ್ದೂ ಒಂದು ತರ್ಕವೇ: ಮಾತ್ರೆ ನುಂಗಿದೆ, ಉರಿ ಹೋಯಿತು; ಉರಿ ಹೋಯಿತೆಂದರೆ ರೋಗವೂ ಹೋಯಿತು. ಜಾರಿದ್ದು ಈ ಎರಡನೇ ಮೆಟ್ಟಿಲಿನಲ್ಲಿ. ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳು ಜಠರದ ಆಮ್ಲವನ್ನು ತಗ್ಗಿಸುತ್ತವೆ. ಆಮ್ಲ ತಗ್ಗಿದಾಗ ಹುಣ್ಣಿನ ನೋವೂ ತಗ್ಗುತ್ತದೆ, ಕೆಲವೊಮ್ಮೆ ಆರಂಭದ ಕ್ಯಾನ್ಸರಿನ ನೋವೂ. ಕಾರಣ ಮಾತ್ರ ಇದ್ದಲ್ಲೇ ಇರುತ್ತದೆ. ಹುಣ್ಣಿನ ಮಟ್ಟಿಗೆ ಆ ಕಾರಣ ಕಾಚಂಪುಳಿಯೂ ಅಲ್ಲ, ಮೆಣಸೂ ಅಲ್ಲ. ಬಹುಪಾಲು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಆ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರೂ ಲೋಕ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಮಹಾಶಯರಾದರೋ ಸೊಂಟನೋವಿಗೆ ಡೈಕ್ಲೋಫೆನಾಕ್ ನುಂಗುತ್ತಾರೆ: ಒಂದು ಜೇಬಿನಲ್ಲಿ ಹುಣ್ಣು ಮಾಡುವ ಮಾತ್ರೆ, ಇನ್ನೊಂದರಲ್ಲಿ ಅದನ್ನು ಮರೆಸುವ ಮಾತ್ರೆ. ಕಾಫಿಕಾಯಿಯ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಕಾಯಿಕೊರಕ ಹೊಕ್ಕಿದೆಯೇನೋ ಎಂದು ಸೀಳಿ ನೋಡುವವರು, ಸ್ವಂತ ಹೊಟ್ಟೆಯ ವಿಷಯದಲ್ಲಿ ಸಿಪ್ಪೆ ನೋಡಿಯೇ ತೀರ್ಪು ಕೊಡುತ್ತಾರೆ.

“ಹಾಗಾದ್ರೆ ತೇಗು ಬಂದವರೆಲ್ಲ ಪೈಪು ನುಂಗಬೇಕಾ? ಎಲ್ಲ ದುಡ್ಡು ಮಾಡೋ ದಾರಿ ಮಾರಾಯ” ಎಂಬುದು ಮಹಾಶಯರ ಮೊದಲ ಆಕ್ಷೇಪ. ಇದರಲ್ಲಿ ಅರ್ಧ ನಿಜವಿದೆ. ಚಿಕ್ಕ ವಯಸ್ಸು, ಅಪಾಯದ ಸೂಚನೆ ಯಾವುದೂ ಇಲ್ಲ ಎಂದಾದರೆ ಕೆಲವು ವಾರ ಮಾತ್ರೆ ಕೊಟ್ಟು ನೋಡುವುದು, ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಪೈಲೋರಿಯನ್ನು ಹುಡುಕುವುದು ವೈದ್ಯರು ಒಪ್ಪಿದ ಕ್ರಮವೇ. “ನನಗೆ ಇದು ಯಾಕೆ ಬೇಕು, ರಿಪೋರ್ಟು ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ” ಎಂದು ಡಾಕ್ಟರನ್ನು ಕೇಳುವ ಹಕ್ಕೂ ರೋಗಿಗಿದೆ. ಆದರೆ ನುಂಗಿದ ಅನ್ನ ಗಂಟಲಲ್ಲೋ ಎದೆಯಲ್ಲೋ ಸಿಕ್ಕಿಕೊಳ್ಳುವುದು, ಸುಮ್ಮನೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ರಕ್ತಹೀನತೆ, ನಿಲ್ಲದ ವಾಂತಿ, ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯ ಕಾಟ ಇವುಗಳಲ್ಲಿ ಒಂದಿದ್ದರೂ ವಾದ ಅಲ್ಲಿಗೆ ಮುಗಿಯಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನಿಜ. ಯಾವುದರಿಂದ ಕಪ್ಪಾಯಿತೆಂದು ಹೇಳಬೇಕಾದವರು ಕ್ಯಾಂಟೀನಿನವರಲ್ಲ. ಇನ್ನು ಎದೆ ಬಿಗಿದು, ಬೆವರು ಕಿತ್ತು, ನೋವು ಭುಜಕ್ಕೋ ದವಡೆಗೋ ಹರಿದರೆ ಎಂಡೋಸ್ಕೋಪಿಯ ಮಾತೇ ಬೇಡ, ಜೀರಾ ಸೋಡಾವೂ ಬೇಡ. ಗೋಣಿಕೊಪ್ಪಕ್ಕೆ ಹೋಗಿ ಮೊದಲು ಇಸಿಜಿ.

ಎರಡನೆಯ ಆಕ್ಷೇಪ ಪೈಪಿನದೇ. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯರು ಬಗ್ಗದ ನೆಟ್ಟನೆಯ ಕೊಳವೆಯನ್ನು ಜಠರಕ್ಕೆ ಇಳಿಸಲು ಕತ್ತಿ ನುಂಗುವ ಕಸುಬಿನವನನ್ನೇ ಹಿಡಿದು ತರಬೇಕಾಯಿತು. ಮಹಾಶಯರ ಭಯ ಆ ಕಾಲಕ್ಕೆ ಸರಿಹೊಂದುವಂಥದ್ದು. 1957ರಲ್ಲಿ ಬೇಸಿಲ್ ಹಿರ್ಷೋವಿಟ್ಸ್ ಬಗ್ಗುವ ಗಾಜಿನ ಎಳೆಗಳ ಎಂಡೋಸ್ಕೋಪ್ ತೋರಿಸಿದ ಮೇಲೆ ಕತ್ತಿಯವನ ಅಗತ್ಯ ತಪ್ಪಿತು. ಇಂದಿನದು ಸುಮಾರು ಒಂದು ಸೆಂಟಿಮೀಟರ್ ದಪ್ಪದ, ತುದಿಯಲ್ಲಿ ಕ್ಯಾಮೆರಾ ಇರುವ ನಳಿಕೆ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಹಲ್ಲಿನ ನಡುವೆ ಒಂದು ಬಳೆ ಕಚ್ಚಿಸಿ, ಎಡಮಗ್ಗುಲಾಗಿ ಮಲಗಿಸುತ್ತಾರೆ. ನಳಿಕೆ ಹೋಗುವುದು ಅನ್ನನಾಳಕ್ಕೆ, ಶ್ವಾಸನಾಳಕ್ಕಲ್ಲ. ಆದ್ದರಿಂದ ಉಸಿರು ಕಟ್ಟುವುದಿಲ್ಲ, ಉಸಿರಾಡಲು ಮರೆಯಬಾರದು ಅಷ್ಟೇ. ಓಕರಿಕೆ ಬರುತ್ತದೆ, ಜೊಲ್ಲು ಸುರಿಯುತ್ತದೆ, ಒಳಗೆ ಬಿಟ್ಟ ಗಾಳಿಯಿಂದ ದೊಡ್ಡ ತೇಗೂ ಬರುತ್ತದೆ. ಸುಖವಲ್ಲ, ಆದರೆ ಐದು-ಹತ್ತು ನಿಮಿಷದ ಕೆಲಸ. ತೂತು ಬೀಳುವುದು, ಹೆಚ್ಚು ರಕ್ತ ಹೋಗುವುದು ಬರೀ ನೋಡುವ ಪರೀಕ್ಷೆಯಲ್ಲಿ ಬಹಳ ಅಪರೂಪ. ಹಾಗಿದ್ದೂ ಆಮೇಲೆ ತೀವ್ರ ಹೊಟ್ಟೆನೋವು, ಎದೆನೋವು, ಜ್ವರ, ರಕ್ತವಾಂತಿ ಕಂಡರೆ ತಕ್ಷಣ ಆಸ್ಪತ್ರೆಗೆ ಮರಳಬೇಕು.

ನಿಜವಾದ ಗಂಡಾಂತರ ಇರುವುದು ಪರೀಕ್ಷೆಗೆಂದು ಹೊರಟ ಮೈಸೂರಿನ ದಾರಿಯಲ್ಲಿ. ಗಟ್ಟಿ ಆಹಾರ ಬಿಟ್ಟು ಆರರಿಂದ ಎಂಟು ಗಂಟೆಯಾಗಿರಬೇಕು ಎಂದಿರುತ್ತಾರೆ. ಹುಣಸೂರು ಬಂದ ಕೂಡಲೇ ಮಹಾಶಯರಿಗೆ ಎರಡು ಇಡ್ಲಿ ಗಟ್ಟಿ ಆಹಾರವೇ ಎಂಬ ಅನುಮಾನ ಹುಟ್ಟುತ್ತದೆ. ಹೌದು, ಗಟ್ಟಿಯೇ, ಹಾಲು ಹಾಕಿದ ಕಾಫಿಯೂ ಅದೇ ಲೆಕ್ಕ. ಹೊಟ್ಟೆ ತುಂಬಿದ್ದರೆ ಏನೂ ಕಾಣುವುದಿಲ್ಲ; ಅದಕ್ಕಿಂತ ಹೆಚ್ಚಾಗಿ, ತಿಂದದ್ದು ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ, ಅಲರ್ಜಿ, ಹೃದಯದ ತೊಂದರೆ, ಕಟ್ಟಿಸಿದ ಹಲ್ಲು, ರಾತ್ರಿಯ ಪೆಗ್ಗು ಎಲ್ಲವನ್ನೂ ಮುಂಚಿತವಾಗಿ ಬಾಯಿಬಿಟ್ಟು ಹೇಳಬೇಕು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಪೈಲೋರಿ ಹುಡುಕುವುದಿದ್ದರೆ ಆಮ್ಲದ ಮಾತ್ರೆಯನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ಬಿಡಿಸುತ್ತಾರೆ, ಇಲ್ಲವಾದರೆ ಪರೀಕ್ಷೆ ಸುಳ್ಳು ಹೇಳಬಹುದು. ಮಂಪರಿನ ಇಂಜೆಕ್ಷನ್ ಕೊಟ್ಟರೆ ಇಪ್ಪತ್ತನಾಲ್ಕು ಗಂಟೆ ಜೀಪು ಮುಟ್ಟುವಂತಿಲ್ಲ. “ನಂಗೇನೂ ಆಗಿಲ್ಲ, ಕೀ ಕೊಡು” ಎನ್ನುವ ಗಂಡನ ಕೈಗೆ ಕೀ ಕೊಡದ ಹೆಂಡತಿಯೋ ಮಗಳೋ ಜೊತೆಗಿರಲೇಬೇಕು. ಮರಳುವ ದಾರಿ ಆನೆಚೌಕೂರಿನ ಕಾಡಿನದು.

“ಕೊನೆಗೆ ಏನೂ ಇಲ್ಲ ಅಂತ ಬಂದ್ರೆ ದುಡ್ಡು ದಂಡ ಅಲ್ವಾ?” ಎಂಬುದು ಉಳಿದ ಆಕ್ಷೇಪ. ಹುಣ್ಣಿಲ್ಲ, ಗಡ್ಡೆಯಿಲ್ಲ ಎಂದು ತಿಳಿಯುವುದೂ ಒಂದು ಉತ್ತರವೇ. ಚಿಕಿತ್ಸೆಯ ದಿಕ್ಕು ಅದರಿಂದ ಬದಲಾಗುತ್ತದೆ. ಬಯಾಪ್ಸಿಗೆ ಚೂರು ತೆಗೆದರೆ ನೋವಾಗುವುದಿಲ್ಲ, ತೆಗೆದ ಮಾತ್ರಕ್ಕೆ ಕ್ಯಾನ್ಸರ್ ಎಂದೂ ಅಲ್ಲ. ಪೈಲೋರಿ ಹುಡುಕಲೂ ಅಂಥ ಚೂರು ತೆಗೆಯುತ್ತಾರೆ. ಆದರೆ ಮಹಾಶಯರು ಒಮ್ಮೆ ಮಾಡಿಸಿಕೊಂಡು ಬಂದ ಮೇಲೆ ಹೊಸ ಕಾಯಿಲೆ ಶುರುವಾಗುತ್ತದೆ: ಮೊಬೈಲಿನಲ್ಲಿ ತಮ್ಮ ಜಠರದ ಫೋಟೋ ತೋರಿಸುತ್ತ, ಕ್ಯಾಂಟೀನಿನಲ್ಲಿ ತೇಗಿದವರಿಗೆಲ್ಲ “ನೀನೂ ಒಂದು ಮಾಡಿಸ್ಬಿಡು, ಏನೂ ಆಗಲ್ಲ” ಎಂದು ಬರೆದುಕೊಡುತ್ತಾರೆ. ಇದೂ ಹಳೆಯ ತಪ್ಪೇ, ತಿರುವುಮುರುವಾಗಿದೆ ಅಷ್ಟೇ. ಎಲ್ಲ ಹೊಟ್ಟೆಗೂ ಒಂದೇ ಮಾತ್ರೆ ಸಾಲದ ಹಾಗೆ ಎಲ್ಲ ಹೊಟ್ಟೆಗೂ ಒಂದೇ ಪೈಪೂ ಬೇಕಿಲ್ಲ. ಯಾರಿಗೆ ಯಾವುದೆಂದು ತೀರ್ಮಾನಿಸಲು ಲಕ್ಷಣಗಳಿವೆ, ಲಕ್ಷಣ ಓದಲು ಓದಿದವರಿದ್ದಾರೆ. ಕ್ಯಾಂಟೀನಿನವರು ಕಾಫಿ ಕೊಟ್ಟರೆ ಸಾಕು.